ಬಾಗಿಲ ಸದ್ದು

ಮೊದಲನೆಯದು ಫಿಯೆಟ್ ಆರುನೂರು.
ಬಾಯಾ ಬ್ಲಾಂಕಾದ ರೈಲ್ವೆ ಗುಮಾಸ್ತನೊಬ್ಬ
ಮಗಳ ಮದುವೆ ಖರ್ಚಿಗೆಂದು ಮಾರಿದ್ದು.
ಕೆನೆ ಬಣ್ಣ, ಎಡಗಣ್ಣು ಮಂದ,
ಎಂಜಿನ್ನು ಬೆನ್ನಿಗೆ.
ಬೇಸಿಗೆಯಲ್ಲಿ ಹಿಂದಿನ ಮುಚ್ಚಳಕ್ಕೆ
ಪೊರಕೆಯ ಹಿಡಿಕೆ ಊರುಗೊಟ್ಟು
ತೆರೆದುಕೊಂಡೇ ಓಡಿಸಬೇಕು,
ಇಲ್ಲವೆಂದರೆ ಕುದಿಯುತ್ತಿತ್ತು, ಮುಂಗೋಪಿ.
ಅದರ ಬಾಗಿಲು ಹಾಕಿದರೆ
ಬಿಸ್ಕತ್ತಿನ ಡಬ್ಬಿ ಮುಚ್ಚಿದ ಸದ್ದು.

ನಾನು ಪಿಯಾನೊಗಳಿಗೆ ಶ್ರುತಿ ಕೂಡಿಸುವವನು,
ಮೊದಲೇ ಹೇಳಬೇಕಿತ್ತು.
ನನ್ನ ನೆನಪೆಲ್ಲ ಇರುವುದು ಕಿವಿಯೊಳಗೆ.

ಪ್ರಿಂಗ್ಲೆಸ್, ಟೋರ್ನ್‌ಕಿಸ್ಟ್, ಸಾಲ್ಡುಂಗಾರಾಯ್:
ಗೋದಿ ಬಯಲ ನಡುವೆ ಅಷ್ಟು ದೂರಕ್ಕೊಂದು ಊರು,
ಊರಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಪಿಯಾನೊ,
ಪಿಯಾನೊದೊಳಗೆ ಒಂದು ಇಲಿ ಸಂಸಾರ.
ಪಕ್ಕದಲ್ಲಿ ಏಳು ತಿಂಗಳ ಬಸುರಿ ನೆಲಿದಾ,
ಮೊಣಕಾಲ ನಡುವೆ ಫ್ಲಾಸ್ಕು,
ಹಳ್ಳ ಬಂದಾಗೆಲ್ಲ ಬಿಸಿ ಮಾತೆ ಚೆಲ್ಲಿ
ಇಬ್ಬರಿಗೂ ಬೈಗುಳ, ನನಗೂ ರಸ್ತೆಗೂ.

ಆಮೇಲೆ ಸಾಸಿವೆ ಬಣ್ಣದ ರೆನೋ ನಾಲ್ಕು.
ಅದರ ಗೇರು ಎದುರಿನ ಹಲಗೆಯಿಂದಲೇ
ಕೊಡೆಯ ಹಿಡಿಕೆಯಂತೆ ಹೊರಚಾಚಿಕೊಂಡಿತ್ತು.
ಮಠದ ಶಾಲೆಯಿಂದ ಹತ್ತಿಕೊಂಡ ಸಿಸ್ಟರ್ ಪೆರ್ಪೆತುವಾ
ಅದು ಚೀಲ ತೂಗುಹಾಕುವ ಗೂಟವೆಂದು ತಿಳಿದು
ತೂಗುಹಾಕಿಯೇ ಬಿಟ್ಟರು, ಏರಿನ ನಡುಮಧ್ಯೆ.
ನಾವು ಹಿಂದಕ್ಕೆ ಜಾರಿದೆವು,
ಜಪಮಾಲೆ, ಕುಂಬಳಕಾಯಿ, ದೇವರ ಹೆಸರು ಸಮೇತ.
ಆ ಕಾರು ಮಾರಿದ ದಿನ
ಸೀಟಿನಡಿ ನನ್ನ ಶ್ರುತಿಕವೆ ಉಳಿದುಹೋಯಿತು.
ಯಾವನದೋ ಕಾರು ಇಂದಿಗೂ
ಗುಂಡಿಗೆ ಬಿದ್ದಾಗ ಸರಿಯಾದ ಸ್ವರದಲ್ಲೇ
ನರಳುತ್ತಿರಬಹುದು.

ಮೂರನೆಯದರ ಮಾತು ತೆಗೆದರೆ
ನಾಲಿಗೆ ಸ್ವಲ್ಪ ಹೊತ್ತು ಬಾಯಲ್ಲೇ ಸುತ್ತುತ್ತದೆ.

ಎಂಬತ್ನಾಲ್ಕು. ಮಿಲಿಟರಿಯವರು ಹೋಗಿ ಆಗಷ್ಟೇ ವರ್ಷ.
ಸರ್ಕಾರಿ ಹರಾಜಿನಲ್ಲಿ ಫಾಲ್ಕನ್ ಒಂದು,
ಹಸಿರು, ಪುಗಸಟ್ಟೆ ಎನ್ನುವಷ್ಟು ಅಗ್ಗ.
ಯಾಕೆ ಅಗ್ಗ ಅಂತ ನಾನು ಕೇಳಲಿಲ್ಲ.
ಯಾಕೆ ಅಂತ ಊರಿಗೆಲ್ಲ ಗೊತ್ತಿತ್ತು, ನನಗೂ.
ಆರು ಸಿಲಿಂಡರ್. ಗಾಳಿಗೆ ಅಲುಗದ ಮೈಭಾರ.
ಸುಳ್ಳೇಕೆ, ಪ್ರೀತಿಸಿದೆ ಅದನ್ನು.

ಎದುರು ಮನೆಯ ಎರ್ಮಿನಿಯಾ.
ಅವಳ ಮಗ ಅನೀಬಲ್‌ನನ್ನು ಎಪ್ಪತ್ತಾರರಲ್ಲಿ
ಇಂಥದ್ದೇ ಒಂದರಲ್ಲಿ ಕೂರಿಸಿಕೊಂಡು ಹೋಗಿದ್ದರು,
ಒಂದು ಕಾಲಿಗೆ ಚಪ್ಪಲಿಯೂ ಇಲ್ಲದೆ.
ರಾತ್ರಿ ಹನ್ನೊಂದಕ್ಕೆ ನಾನು ಬಂದು ಬಾಗಿಲು ಹಾಕುವೆ.
ಆಚೆ ದೀಪ ಆರುವುದು.
ಮುದುಕಿ ಬೇಗ ಮಲಗುತ್ತಾಳೆ ಅಂದುಕೊಂಡೆ,
ಮೂರು ವರ್ಷ.

ಒಂದು ತಂತಿ ಕೂದಲೆಳೆಯಷ್ಟು ಸಡಿಲಾದರೆ
ಪಕ್ಕದ ಕೋಣೆಯಿಂದ ಹೇಳಬಲ್ಲ ಕಿವಿ ಇದು.

ನೆಲಿದಾ ಹೇಳಿದಳು ಕೊನೆಗೆ, ಆಲೂಗಡ್ಡೆ ಸುಲಿಯುತ್ತ,
ತಲೆ ಎತ್ತದೆ.
ಮರುದಿನವೇ ಬಿಳಿ ಬಣ್ಣ ಬಳಿಸಿದೆ.
ಬಣ್ಣದಿಂದೇನು, ಸದ್ದು ಹಸಿರೇ ಉಳಿಯಿತು.
ಬೀದಿ ತುದಿಯಲ್ಲೇ ಎಂಜಿನ್ ಆರಿಸಿ ತಳ್ಳಿಕೊಂಡು ಬಂದೆ,
ಬಾಗಿಲು ಹಾಕದೆ ಹಗ್ಗ ಕಟ್ಟಿದೆ,
ಮಳೆನೀರಿಗೆ ಸೀಟು ಕೊಳೆಯಿತು.
ಆಮೇಲೆ ಗುಜರಿ.

ಪೆಷೊ ಕೊಂಡ ಮೇಲೆ ಒಮ್ಮೆ
ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ.
ದಾರಿಯುದ್ದಕ್ಕೂ ಟೊಮೇಟೊ ರೇಟಿನ ಮಾತು.
ನಾನು ಹೇಳಬೇಕೆಂದುಕೊಂಡದ್ದು
ಎರಡು ಸಿಗ್ನಲ್ ದಾಟಿತು, ಮೂರು ದಾಟಿತು.
ಅವಳು ಇಳಿದಳು. ಬಾಗಿಲು ಹಾಕಲಿಲ್ಲ,
ಹಾಗೇ ಬಿಟ್ಟು ಮೆಟ್ಟಿಲು ಹತ್ತಿದಳು.
ನಾನು ಸೀಟಿನ ಮೇಲೆ ಅಡ್ಡ ಬಾಗಿ
ತೊಟ್ಟಿಲ ಪಕ್ಕದಲ್ಲಿ ಹಾಕುವ ಹಾಗೆ ಹಾಕಿದೆ.

ಈಗ ಮೊಮ್ಮಗನ ಕರೆಂಟು ಕಾರು.
ಅದರ ಬಾಗಿಲು ರಜಾಯಿ ಹೊದ್ದಂತೆ ಮುಚ್ಚುತ್ತದೆ.
ತಾತಾ, ಒಂದು ವಾಪಸ್ಸು ಸಿಗುವುದಾದರೆ ಯಾವುದು, ಅನ್ನುತ್ತಾನೆ.
ಫಿಯೆಟ್ಟು ಕಣೋ, ಅಂತೇನೆ. ನಗುತ್ತಾನೆ.

ಫಾಲ್ಕನ್, ನಿಜ ಹೇಳಬೇಕೆಂದರೆ.
ಒಂದೇ ಒಂದು ರಾತ್ರಿಗೆ.
ರೈಲ್ವೆ ಗೇಟಿನಾಚೆ ನಿಲ್ಲಿಸಿ
ಬೂಟು ಕೈಯಲ್ಲಿ ಹಿಡಿದು
ನಡೆದು ಮನೆಗೆ ಬರಲು.